ನೀರು ಕಡಿಮೆ ಅಂದರೆ ಹೆರಿಗೆ ಬೇಗ ಮಾಡಿಸಬೇಕಾ?

ಪ್ರಶ್ನೆ: ಮೇಡಂ, ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ತಂಗಿಗೆ 24 ವರ್ಷ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ತಾಯಿ ಕಾರ್ಡಿನ ಲೆಕ್ಕದಲ್ಲಿ 35 ವಾರ 2 ದಿನ ಆದಾಗ ಮಂಡ್ಯದಲ್ಲಿ ಸ್ಕ್ಯಾನಿಂಗ್ ಮಾಡಿಸಿದೆವು. ನೀರು 7.1, ಕಡಿಮೆ ಇದೆ ಎಂದು ಬರೆದಿದ್ದಾರೆ. ಮಗು 33 ವಾರ 3 ದಿನದಷ್ಟಿದೆ, ಪ್ಲಸೆಂಟಾ ಗ್ರೇಡ್ 3 ಎಂದೂ ಇದೆ. ಗಾಬರಿಯಾಗಿ ಎರಡು ದಿನ ಬಿಟ್ಟು ಮೈಸೂರಿನಲ್ಲಿ ಇನ್ನೊಂದು ಸ್ಕ್ಯಾನ್ ಮಾಡಿಸಿದರೆ 9.4 ಬಂತು. ಯಾವುದು ನಿಜ? ಬಿಪಿ, ಶುಗರ್ ನಾರ್ಮಲ್. ಮಗು ಚೆನ್ನಾಗಿ ಒದೆಯುತ್ತದೆ. ಅವಳಿಗೆ ಮೊದಲಿನಿಂದಲೂ ಮುಟ್ಟು ಸರಿಯಾಗಿ ಆಗುತ್ತಿರಲಿಲ್ಲ. ನೀರಿಲ್ಲದೆ ಮಗು ಒಣಗುತ್ತದೆ, ಸೂಜಿ ಹಾಕಿ ನೀರು ತೆಗೆದು ಶ್ವಾಸಕೋಶ ಬಲಿತಿದೆಯಾ ನೋಡಿಸಿ, ಬಲಿತಿದ್ದರೆ ಆಪರೇಷನ್ ಮಾಡಿಸಿಬಿಡೋಣ ಎಂದು ಅವಳ ಮಾವ ಹೇಳುತ್ತಿದ್ದಾರೆ. ಮಂಡ್ಯದ ಸ್ಕ್ಯಾನ್ ಆದ ಎಂಟನೇ ದಿನಕ್ಕೆ ಒಳ್ಳೆಯ ನಕ್ಷತ್ರ ಇದೆಯಂತೆ. ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯಲ್ಲ ಎಂದು ನಮ್ಮ ಅಜ್ಜಿ ಹೆದರಿಸುತ್ತಾರೆ. ಶ್ವಾಸಕೋಶದ ಇಂಜೆಕ್ಷನ್ ಹಾಕಿಸಬೇಕಾ? ದಿನಾ ಎಳನೀರು ಕುಡಿಸುತ್ತಿದ್ದೇವೆ, ಸಾಕಾ? ಎಲ್ಲ ರಿಪೋರ್ಟುಗಳ ಫೋಟೊ ಕಳಿಸಿದ್ದೇನೆ.

ಉತ್ತರ: ನಿಮ್ಮ ಫೋಟೊಗಳಲ್ಲಿ ನಾನು ಮೊದಲು ಹುಡುಕಿದ್ದು ಮೂರನೇ ತಿಂಗಳಿನ ಸ್ಕ್ಯಾನ್. ಪುಣ್ಯಕ್ಕೆ ನೀವು ಅದನ್ನೂ ಕಳಿಸಿದ್ದೀರಿ. ಕೊನೆ ಮುಟ್ಟಿನ ಲೆಕ್ಕದಲ್ಲಿ ಅವತ್ತಿಗೆ 11 ವಾರ ಆಗಿತ್ತು. ಆದರೆ ಮಗುವಿನ ಉದ್ದ 2.5 ಸೆಂಟಿಮೀಟರ್, ಅಂದರೆ 9 ವಾರ 2 ದಿನ ಎಂದು ಬರೆದಿದ್ದಾರೆ. ಹನ್ನೆರಡು ದಿನದ ವ್ಯತ್ಯಾಸ. ಇದು ನೀವು ಕೇಳಿರುವ ಹೆಚ್ಚುಕಡಿಮೆ ಎಲ್ಲ ಪ್ರಶ್ನೆಗೂ ಸಂಬಂಧಪಟ್ಟ ಸಂಗತಿ.

ಕೊನೆ ಮುಟ್ಟಿನಿಂದ ದಿನ ಎಣಿಸುವಾಗ, ತಿಂಗಳಿಗೆ ಸರಿಯಾಗಿ 28 ದಿನಕ್ಕೆ ಮುಟ್ಟಾಗುತ್ತದೆ, ಹದಿನಾಲ್ಕನೇ ದಿನದ ಸುಮಾರಿಗೆ ಅಂಡ ಬಿಡುಗಡೆ ಆಗುತ್ತದೆ ಎಂದು ಅಂದುಕೊಂಡಿರುತ್ತೇವೆ. ನಿಮ್ಮ ತಂಗಿಗೆ ಮುಟ್ಟು 35, 40 ದಿನಕ್ಕೆ ಆಗುತ್ತಿದ್ದರೆ ಗರ್ಭ ನಿಂತದ್ದೇ ತಡವಾಗಿ. ಮೊದಲ ಮೂರು ತಿಂಗಳಲ್ಲಿ ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಬೆಳೆಯುತ್ತವೆ. ಅದಕ್ಕೇ ಆ ಹೊತ್ತಿನ ಅಳತೆ ಐದಾರು ದಿನಕ್ಕಿಂತ ಜಾಸ್ತಿ ತಪ್ಪುವುದಿಲ್ಲ. ಕೊನೆಯ ತಿಂಗಳುಗಳಲ್ಲಿ ಒಂದೊಂದು ಮಗು ಒಂದೊಂದು ಗಾತ್ರ. ಆಗಿನ ಸ್ಕ್ಯಾನ್‌ನಿಂದ ದಿನ ಹೇಳಲು ಹೋದರೆ ಮೂರು ವಾರ ಆಚೀಚೆ ಆಗಬಹುದು. 9ರಿಂದ 14 ವಾರದ ಒಳಗೆ ಮಾಡಿದ ಸ್ಕ್ಯಾನ್‌ಗೂ ಮುಟ್ಟಿನ ಲೆಕ್ಕಕ್ಕೂ ಒಂದು ವಾರಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ನಾವು ಸ್ಕ್ಯಾನ್ ಹೇಳಿದ ದಿನವನ್ನೇ ಹಿಡಿಯುತ್ತೇವೆ. ಆಮೇಲೆ ಯಾವ ಸ್ಕ್ಯಾನ್ ಏನೇ ಹೇಳಲಿ, ಆ ತಾರೀಕು ಬದಲಾಯಿಸುವುದಿಲ್ಲ.

ಹಾಗೆ ನೋಡಿದರೆ ಮಂಡ್ಯದ ಸ್ಕ್ಯಾನ್ ದಿನ ನಿಮ್ಮ ತಂಗಿಗೆ 35 ವಾರ 2 ದಿನ ಆಗಿರಲಿಲ್ಲ. 33 ವಾರ 4 ದಿನ ಆಗಿತ್ತು. ಮಗು 33 ವಾರ 3 ದಿನದಷ್ಟಿದೆ ಎಂದು ರಿಪೋರ್ಟು ಹೇಳುತ್ತದೆ. ಅಂದರೆ ಎರಡು ವಾರ ಹಿಂದೆ ಬಿದ್ದಿದೆ ಎಂದು ನೀವು ಹೆದರಿದ ಮಗು ಸರಿಯಾಗಿ ಎಷ್ಟು ಬೆಳೆಯಬೇಕೋ ಅಷ್ಟೇ ಬೆಳೆದಿದೆ. ಮೈಸೂರಿನ ರಿಪೋರ್ಟಿನಲ್ಲಿ ತೂಕ 2.1 ಕಿಲೊ ಎಂದಿದೆ. ಆ ವಾರಕ್ಕೆ ಅದು ಒಳ್ಳೆಯ ತೂಕ.

ಈಗ ಮಾವನವರು ಹೇಳುವ ದಿನ ನೋಡಿ. ತಾಯಿ ಕಾರ್ಡಿನ ಲೆಕ್ಕದಲ್ಲಿ ಅವತ್ತಿಗೆ 36 ವಾರ 3 ದಿನ, ಹೆಚ್ಚುಕಡಿಮೆ ದಿನ ತುಂಬುತ್ತಾ ಬಂದಂತೆ ಕಾಣುತ್ತದೆ. ನಿಜವಾದ ಲೆಕ್ಕದಲ್ಲಿ 34 ವಾರ 5 ದಿನ. ಮಗು ದಿನ ತುಂಬುವುದಕ್ಕೆ ಐದು ವಾರಕ್ಕೂ ಮುಂಚೆ ಹೊರಗೆ ಬರುತ್ತದೆ. ಅಷ್ಟು ಮುಂಚೆ ಹುಟ್ಟಿದ ಎಷ್ಟೋ ಮಕ್ಕಳಿಗೆ ಉಸಿರಾಟಕ್ಕೆ ಸಹಾಯ ಬೇಕಾಗುತ್ತದೆ. ಹಾಲು ಚೀಪುವ ಶಕ್ತಿ ಇರುವುದಿಲ್ಲ. ಮೈ ಬಿಸಿ ನಿಲ್ಲುವುದಿಲ್ಲ, ಕಾಮಾಲೆ ಜಾಸ್ತಿ ಆಗುತ್ತದೆ. ತಾಯಿ ವಾರ್ಡಿನಲ್ಲಿ, ಮಗು ಐಸಿಯುನಲ್ಲಿ. ಯಾವ ಕಾರಣವೂ ಇಲ್ಲದೆ ಇದನ್ನು ನಾವಾಗಿ ತಂದುಕೊಳ್ಳಬೇಕಾ? ದಯವಿಟ್ಟು ಬೇಡ. ಎಲ್ಲಕ್ಕಿಂತ ಮೊದಲು ತಂಗಿಯನ್ನು ನೋಡುತ್ತಿರುವ ಡಾಕ್ಟರಿಗೆ ಆ ಮೊದಲ ಸ್ಕ್ಯಾನ್ ತೋರಿಸಿ, ತಾಯಿ ಕಾರ್ಡಿನಲ್ಲಿ ಹೆರಿಗೆಯ ತಾರೀಕು ತಿದ್ದಿಸಿ.

ಇನ್ನು ನೀರಿನ ವಿಷಯ. ಯಾವುದು ನಿಜ, 7.1ಓ 9.4ಓ ಎಂದು ಕೇಳಿದ್ದೀರಿ. ಎರಡೂ ನಿಜವೇ ಇರಬಹುದು. ಸ್ಕ್ಯಾನ್‌ನಲ್ಲಿ ನೀರನ್ನು ಲೀಟರಿನಲ್ಲಿ ಅಳೆಯುವುದಿಲ್ಲ. ತಾಯಿಯ ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಂಡು, ಒಂದೊಂದರಲ್ಲೂ ಮಗುವಿನ ಕೈಕಾಲು, ಹೊಕ್ಕುಳಬಳ್ಳಿ ಅಡ್ಡ ಬರದ ಜಾಗದಲ್ಲಿ ನೀರು ಎಷ್ಟು ಆಳ ಇದೆ ಎಂದು ಮೇಲಿನಿಂದ ಕೆಳಕ್ಕೆ ಅಳೆಯುತ್ತಾರೆ. ನಾಲ್ಕನ್ನೂ ಕೂಡಿದರೆ ಬರುವುದೇ ಎ.ಎಫ್.ಐ. ಮಂಡ್ಯದ ರಿಪೋರ್ಟಿನಲ್ಲಿ 1.2, 3.2, 0.9, 1.8 ಎಂದಿದೆ. ಕೂಡಿದರೆ 7.1 ಸೆಂಟಿಮೀಟರ್. ಮಗು ಒಂದು ಮಗ್ಗುಲು ತಿರುಗಿದರೆ ಅಂಕಿ ಬದಲಾಗುತ್ತದೆ. ಅಳೆಯುವವರು ಹೊಟ್ಟೆಯ ಮೇಲೆ ಜೋರಾಗಿ ಒತ್ತಿದರೆ ಕಡಿಮೆ ಬರುತ್ತದೆ. ಅವಳು ಬಿಸಿಲಿನಲ್ಲಿ ಬಸ್ಸಿನಲ್ಲಿ ಬಂದು, ನೀರು ಕುಡಿಯದೆ ಸರದಿಯಲ್ಲಿ ಕೂತಿದ್ದರೆ ಆಗಲೂ ಕಡಿಮೆ ಬರಬಹುದು. ಎರಡು ಸೆಂಟಿಮೀಟರ್ ಆಚೀಚೆ ಆಗುವುದು ಮಾಮೂಲು. ಮುಂದಿನ ಸ್ಕ್ಯಾನ್‌ಗಳನ್ನು ಒಂದೇ ಕಡೆ ಮಾಡಿಸಿದರೆ ಈ ಗೊಂದಲ ಕಡಿಮೆ.

ಎ.ಎಫ್.ಐ. 5ರಿಂದ 25ರವರೆಗೆ ಇದ್ದರೆ ಸಾಮಾನ್ಯ ಎಂದು ಲೆಕ್ಕ. 5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನೀರು ಕಡಿಮೆ ಎನ್ನುತ್ತೇವೆ. 5ಕ್ಕೂ 8ಕ್ಕೂ ನಡುವೆ ಬಂದರೆ ತುಂಬಾ ಕಡೆ ಬಾರ್ಡರ್‌ಲೈನ್ ಎಂದು ಬರೆಯುತ್ತಾರೆ. ಕೆಲವು ಸೆಂಟರ್‌ಗಳಲ್ಲಿ ವಾರಕ್ಕೊಂದು ಅಂಕಿ ಇರುವ ಪಟ್ಟಿ ನೋಡಿ, ಅದಕ್ಕಿಂತ ಸ್ವಲ್ಪ ಕೆಳಗೆ ಬಂದರೂ ಕಡಿಮೆ ಎಂದು ಬರೆಯುತ್ತಾರೆ. ನಿಮ್ಮ ರಿಪೋರ್ಟಿನಲ್ಲಿ ಆದದ್ದು ಹೀಗೆಯೇ ಇರಬೇಕು. ಬಾರ್ಡರ್‌ಲೈನ್ ಎನ್ನುವುದು ಕಾಯಿಲೆಯ ಹೆಸರಲ್ಲ. ಸ್ವಲ್ಪ ಗಮನ ಇಡಿ ಎನ್ನುವ ಸೂಚನೆ, ಅಷ್ಟೇ.

ಇದಕ್ಕಿಂತ ಸರಳವಾದ ಇನ್ನೊಂದು ಅಳತೆ ಇದೆ. ನಾಲ್ಕೂ ಭಾಗದಲ್ಲಿ ಎಲ್ಲಿ ಅತಿ ಆಳವಾಗಿ ನೀರಿದೆಯೋ ಅದೊಂದನ್ನೇ ನೋಡುವುದು. ಅದು 2 ಸೆಂಟಿಮೀಟರ್‌ಗಿಂತ ಹೆಚ್ಚು, 8ಕ್ಕಿಂತ ಕಡಿಮೆ ಇದ್ದರೆ ಸಾಕು. ನಿಮ್ಮ ತಂಗಿಗೆ ಮಂಡ್ಯದಲ್ಲಿ 3.2, ಮೈಸೂರಿನಲ್ಲಿ 3.6. ಎರಡು ಕಡೆಯೂ ಆರಾಮಾಗಿ ಗೆರೆಯ ಮೇಲಿದೆ. ಈ ಎರಡು ಅಳತೆಗಳನ್ನು ಹೋಲಿಸಿ ಅಧ್ಯಯನಗಳು ನಡೆದಿವೆ. ಎ.ಎಫ್.ಐ. ನೋಡಿದಾಗ ನೀರು ಕಡಿಮೆ ಎಂಬ ಹಣೆಪಟ್ಟಿ ಹೆಚ್ಚು ಜನಕ್ಕೆ ಬೀಳುತ್ತದೆ, ನೋವು ಬರಿಸಿ ಹೆರಿಗೆ ಮಾಡಿಸುವುದೂ ಹೆಚ್ಚುತ್ತದೆ. ಆದರೆ ಅದರಿಂದ ಮಕ್ಕಳಿಗೆ ಏನೂ ಹೆಚ್ಚಿನ ಲಾಭ ಸಿಕ್ಕಿಲ್ಲ. ಅದಕ್ಕೇ ನಾನು ರಿಪೋರ್ಟಿನಲ್ಲಿ ಮೊದಲು ಆ ಆಳದ ಅಂಕಿಯನ್ನು ನೋಡುತ್ತೇನೆ. ನಿಮ್ಮ ಡಾಕ್ಟರನ್ನೂ ಅದನ್ನೇ ಕೇಳಿ.

ನೀರು ಎಲ್ಲಿಂದ ಬರುತ್ತದೆ ಎಂದು ಗೊತ್ತಾದರೆ ಮಗು ಒಣಗುತ್ತದೆ ಎಂಬ ಭಯ ಹೋಗುತ್ತದೆ. ಐದನೇ ತಿಂಗಳಿನಿಂದ ಆಚೆಗೆ ಆ ನೀರಿನ ಬಹುಭಾಗ ಮಗುವಿನ ಮೂತ್ರ. ದಿನ ತುಂಬುವ ಹೊತ್ತಿಗೆ ಮಗು ದಿನಕ್ಕೆ ಮುಕ್ಕಾಲು ಲೀಟರ್ ಸುಮಾರು ಮೂತ್ರ ಮಾಡುತ್ತದೆ. ಅದರ ಶ್ವಾಸಕೋಶದಿಂದಲೂ ಒಂದಷ್ಟು ದ್ರವ ಬಾಯಿಯ ಮೂಲಕ ಹೊರಗೆ ಬರುತ್ತದೆ. ಇತ್ತ ಮಗು ಅದೇ ನೀರನ್ನು ನುಂಗುತ್ತಲೂ ಇರುತ್ತದೆ. ಹೀಗೆ ನೀರು ಹೆಚ್ಚುಕಡಿಮೆ ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಎಂಟನೇ ತಿಂಗಳ ಸುಮಾರಿಗೆ ಮುಕ್ಕಾಲರಿಂದ ಒಂದು ಲೀಟರಿನವರೆಗೆ ಇರುತ್ತದೆ. ಆಮೇಲೆ ತಾನಾಗಿಯೇ ಇಳಿಯುತ್ತಾ ಹೋಗುತ್ತದೆ, ದಿನ ದಾಟಿದರೆ ಇನ್ನೂ ಇಳಿಯುತ್ತದೆ.

ಹಾಗಾಗಿ ನೀರು ನಿಜವಾಗಿ ಕಡಿಮೆಯಾದರೆ ನಾವು ಕೇಳಿಕೊಳ್ಳುವುದು, ಮಗುವಿನ ಮೂತ್ರ ಯಾಕೆ ಕಡಿಮೆಯಾಯಿತು, ಅಥವಾ ನೀರು ಎಲ್ಲಿಂದ ಸೋರುತ್ತಿದೆ ಎಂದು. ಮಾಸು, ಅಂದರೆ ಪ್ಲಸೆಂಟಾ, ಸರಿಯಾಗಿ ಕೆಲಸ ಮಾಡದಿದ್ದರೆ ಮಗು ಬರುವ ಅಷ್ಟಿಷ್ಟು ರಕ್ತವನ್ನು ಮೊದಲು ಮೆದುಳಿಗೆ, ಹೃದಯಕ್ಕೆ ಕಳಿಸುತ್ತದೆ. ಕಿಡ್ನಿಗೆ ಹೋಗುವುದು ಕಡಿಮೆಯಾಗಿ ಮೂತ್ರ ಇಳಿಯುತ್ತದೆ. ತಾಯಿಗೆ ಬಿಪಿ ಇದ್ದಾಗ ಆಗುವುದು ಸಾಮಾನ್ಯವಾಗಿ ಇದೇ. ಆಗ ಮಗು ಸಣ್ಣಗೂ ಇರುತ್ತದೆ, ಹೊಕ್ಕುಳಬಳ್ಳಿಯ ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆಯಲ್ಲೂ ವ್ಯತ್ಯಾಸ ಕಾಣುತ್ತದೆ. ನಿಮ್ಮ ತಂಗಿಯ ಮಗುವಿನ ತೂಕ ಸರಿಯಿದೆ, ಮೈಸೂರಿನ ರಿಪೋರ್ಟಿನಲ್ಲಿ ಡಾಪ್ಲರ್ ನಾರ್ಮಲ್ ಇದೆ. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ. ಬರೀ 7.1 ಎಂದು ಒಂದೇ ಅಂಕಿ ಕಳಿಸಿದ್ದರೆ ಹೀಗೆ ಹೇಳಲು ಆಗುತ್ತಿರಲಿಲ್ಲ.

ಒಂದು ವಿಷಯವನ್ನು ನೀವು ಬರೆದಿಲ್ಲ, ನಾನು ಕೇಳುತ್ತೇನೆ. ಸೊಂಟನೋವು, ಮೈಕೈ ನೋವು ಎಂದು ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ಕೊಟ್ಟಿದ್ದೀರಾ? ಐಬುಪ್ರೊಫೆನ್, ಡೈಕ್ಲೊಫೆನಾಕ್ ಇರುವ ನೋವಿನ ಮಾತ್ರೆಗಳು ಮಗುವಿನ ಕಿಡ್ನಿಯ ಮೇಲೆ ಕೆಲಸ ಮಾಡಿ ಮೂತ್ರ ಕಡಿಮೆ ಮಾಡುತ್ತವೆ. 20 ವಾರದಿಂದ ಆಚೆಗೆ ಇವನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಕೆ ಕೊಟ್ಟಿದೆ. ನಮ್ಮಲ್ಲಿ ಚೀಟಿಯಿಲ್ಲದೆ ಇವು ಸಲೀಸಾಗಿ ಸಿಗುತ್ತವೆ. ತಂಗಿ ತೆಗೆದುಕೊಳ್ಳುತ್ತಿದ್ದರೆ ಇವತ್ತೇ ನಿಲ್ಲಿಸಿ, ಡಾಕ್ಟರಿಗೂ ತಿಳಿಸಿ. ನೋವಿಗೆ ಏನು ಕೊಡಬಹುದು ಎಂದು ಅವರನ್ನೇ ಕೇಳಿ. ಬಿಪಿಗೆ ಕೊಡುವ ಎನಾಲಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಲೊಸಾರ್ಟನ್ ಕೂಡ ಬಸುರಿಯರಿಗೆ ಕೂಡದು. ನಿಮ್ಮ ತಂಗಿಗೆ ಬಿಪಿ ಇಲ್ಲ. ಆದರೆ ಇದನ್ನು ಓದುವ ಬೇರೆ ಯಾರಿಗಾದರೂ ಬೇಕಾಗಬಹುದು ಎಂದು ಬರೆದೆ.

ಇನ್ನೊಂದು, ಸೋರಿಕೆ. ಬಟ್ಟೆ ಪದೇಪದೇ ಒದ್ದೆಯಾಗುತ್ತಿದೆಯಾ ಎಂದು ತಂಗಿಯನ್ನು ನೀವೇ ಕೇಳಿ, ಅಕ್ಕನಿಗೆ ಹೇಳಿಕೊಳ್ಳುವುದು ಸುಲಭ. ಎಷ್ಟೋ ಹೆಣ್ಣುಮಕ್ಕಳು ಬಿಳಿ ಹೋಗುತ್ತಿದೆ, ಇಲ್ಲ ಮೂತ್ರ ತಡೆಯುತ್ತಿಲ್ಲ ಎಂದುಕೊಂಡು ಸುಮ್ನೆ ಇದ್ದುಬಿಡುತ್ತಾರೆ. ಅನುಮಾನ ಇದ್ದರೆ ಒಂದು ಒಣಗಿದ ಪ್ಯಾಡ್ ಇಟ್ಟುಕೊಂಡು ಅರ್ಧ ಗಂಟೆ ಮಲಗಲಿ. ಎದ್ದು ನಿಂತಾಗ ನೀರಿನಂಥದ್ದು ಬುಳಕ್ ಎಂದು ಬಂದರೆ ಆ ಪ್ಯಾಡ್ ಸಮೇತ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪ್ಯಾಡ್ ಒಣಗಿಯೇ ಇದ್ದು ಅನುಮಾನ ಉಳಿದರೂ ತೋರಿಸಿ. ನೀರು ಸೋರುತ್ತಿದ್ದರೆ ಮನೆಯಲ್ಲಿ ಇಟ್ಟುಕೊಳ್ಳುವ ಮಾತೇ ಇಲ್ಲ, ಸೋಂಕು ಆಗುತ್ತದೆ.

ಎಳನೀರಿನ ಬಗ್ಗೆ ಕೇಳಿದ್ದೀರಿ. ಮದ್ದೂರಿನ ಎಳನೀರು ಮಾರುಕಟ್ಟೆ ನಿಮಗೆ ಹತ್ತಿರದಲ್ಲೇ ಇದೆ, ಕುಡಿಸಿ, ಒಳ್ಳೆಯದೇ. ಆದರೆ ಕೆಲಸ ಮಾಡುವುದು ಅದರೊಳಗಿನ ನೀರು. ಎರಡು ಗಂಟೆಗಳಲ್ಲಿ ಎರಡು ಲೀಟರ್ ಮಾಮೂಲಿ ನೀರು ಕುಡಿಸಿ, ಎ.ಎಫ್.ಐ. ಸ್ವಲ್ಪ ಏರುತ್ತದೆ ಎಂದು ಪರೀಕ್ಷೆ ಮಾಡಿ ನೋಡಿದ್ದಾರೆ. ಅಂಕಿ ಏರಿದ್ದು ನಿಜ. ಅದರಿಂದ ಹೆರಿಗೆ ಸಲೀಸಾಯಿತು, ಮಗುವಿಗೆ ಒಳ್ಳೆಯದಾಯಿತು ಎಂಬುದು ಗಟ್ಟಿಯಾಗಿ ಸಾಬೀತಾಗಿಲ್ಲ. ಆದರೂ ನಮ್ಮ ಮಂಡ್ಯದ ಬಿಸಿಲಿಗೆ ದಿನಕ್ಕೆ ಎರಡೂವರೆ, ಮೂರು ಲೀಟರ್ ನೀರು ಹೋಗಲೇಬೇಕು. ನೀರು, ಮಜ್ಜಿಗೆ, ಗಂಜಿ, ರಾಗಿ ಅಂಬಲಿ, ಒಂದು ಎಳನೀರು, ಎಲ್ಲ ಸೇರಿ ಅಷ್ಟಾದರೆ ಸಾಕು. ದಿನಕ್ಕೆ ನಾಲ್ಕೈದು ಎಳನೀರು ಬೇಡ. ಶುಗರ್ ಇರುವವರು, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಬಾಯಲ್ಲಿ ಕುಡಿಯಲು ಆಗುವವರಿಗೆ ಗ್ಲೂಕೋಸ್ ಬಾಟಲಿ ಹಾಕಿಸುವ ಅಗತ್ಯ ಇಲ್ಲ. ನೀರು ಜಾಸ್ತಿ ಮಾಡುತ್ತದೆ ಎಂದು ಕೊಡುವ ದುಬಾರಿ ಪುಡಿಗಳು, ಅಮೈನೊ ಆಸಿಡ್ ಡ್ರಿಪ್‌ಗಳ ಹಿಂದೆ ಬಲವಾದ ಆಧಾರ ಇಲ್ಲ. ಆ ದುಡ್ಡಿಗೆ ಮೊಟ್ಟೆ, ಹಾಲು, ಕಾಳು ತನ್ನಿ.

ಈಗ ಶ್ವಾಸಕೋಶಕ್ಕೆ ಬರುತ್ತೇನೆ. ನಿಮ್ಮ ಮನೆಯಲ್ಲಿ ಹೆಚ್ಚು ಗೊಂದಲ ಇರುವುದು ಇಲ್ಲೇ.

ನಮ್ಮ ಶ್ವಾಸಕೋಶದ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಚೀಲಗಳಿವೆ. ಅವುಗಳ ಒಳಮೈ ಒದ್ದೆಯಾಗಿರುತ್ತದೆ. ಒದ್ದೆ ಪ್ಲಾಸ್ಟಿಕ್ ಕವರಿನ ಎರಡು ಪದರ ಹೇಗೆ ಅಂಟಿಕೊಂಡು ಬಿಡಿಸಲು ಬಾರದೋ, ಹಾಗೆ ಈ ಚೀಲಗಳೂ ಉಸಿರು ಬಿಟ್ಟ ಕೂಡಲೇ ಅಂಟಿಕೊಳ್ಳಬೇಕಿತ್ತು. ಹಾಗೆ ಆಗದಂತೆ ತಡೆಯುವುದು ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನಂಥ ಪದಾರ್ಥ. ಮಗುವಿನ ಶ್ವಾಸಕೋಶ ಇದನ್ನು ಆರನೇ ತಿಂಗಳ ಸುಮಾರಿಗೆ ತಯಾರಿಸಲು ಶುರುಮಾಡುತ್ತದೆ. ಸಾಕಷ್ಟು ಆಗುವುದು 34ರಿಂದ 36 ವಾರದ ಹೊತ್ತಿಗೆ. ತಾಯಿಗೆ ಶುಗರ್ ಹಿಡಿತದಲ್ಲಿ ಇಲ್ಲದಿದ್ದರೆ ಇನ್ನೂ ತಡವಾಗಬಹುದು. ಸರ್ಫ್ಯಾಕ್ಟೆಂಟ್ ಸಾಲದೆ ಹುಟ್ಟಿದ ಮಗು ಪ್ರತಿ ಉಸಿರಿಗೂ ಮೊದಲ ಉಸಿರಿನಷ್ಟೇ ಕಷ್ಟಪಡುತ್ತದೆ. ಪಕ್ಕೆ ಒಳಕ್ಕೆ ಎಳೆದುಕೊಳ್ಳುತ್ತದೆ, ನರಳುತ್ತದೆ, ಕೆಲವು ಗಂಟೆಗಳಲ್ಲೇ ಸುಸ್ತಾಗುತ್ತದೆ.

ಈ ಕೊರತೆಯೇ ಕಾರಣ ಎಂದು ತೋರಿಸಿಕೊಟ್ಟವರು ಅಮೆರಿಕದ ವೈದ್ಯೆ ಮೇರಿ ಎಲೆನ್ ಏವರಿ, 1959ರಲ್ಲಿ. ನಾಲ್ಕು ವರ್ಷದ ಮೇಲೆ, 1963ರ ಆಗಸ್ಟ್‌ನಲ್ಲಿ, ಆಗಿನ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗು ಐದೂವರೆ ವಾರ ಮುಂಚೆ ಹುಟ್ಟಿತು. ತೂಕ 2.1 ಕಿಲೊ. ನಿಮ್ಮ ತಂಗಿಯ ಮಗುವಿಗೆ ಈಗ ಇರುವಷ್ಟೇ. ದೇಶದ ಅಧ್ಯಕ್ಷರ ಮಗು, ಯಾವ ಡಾಕ್ಟರ್ ಬೇಕಾದರೂ ಬರುತ್ತಿದ್ದರು. ಆದರೂ ಎರಡು ದಿನ ಉಳಿಯಲಿಲ್ಲ. ಕಾರಣ ಇದೇ ಕಾಯಿಲೆ. ಇವತ್ತು ಅಂಥ ಮಗು ಬಹಳಮಟ್ಟಿಗೆ ಬದುಕುತ್ತದೆ. ಉಸಿರಾಟಕ್ಕೆ ಒತ್ತಾಸೆ ಕೊಡುವ ಯಂತ್ರಗಳಿವೆ. 1980ರಲ್ಲಿ ಜಪಾನಿನ ಫುಜಿವಾರಾ ಎಂಬ ವೈದ್ಯರು ಸರ್ಫ್ಯಾಕ್ಟೆಂಟನ್ನೇ ಮಗುವಿನ ಶ್ವಾಸನಾಳಕ್ಕೆ ಹಾಕಿ ದಾರಿ ತೋರಿಸಿದರು. ಈಗ ನಮ್ಮ ಮೈಸೂರಿನಲ್ಲೂ ಕೊಡುತ್ತಾರೆ. ಆದರೂ ಬೇಕೆಂದೇ ಮಗುವನ್ನು ಆ ಸ್ಥಿತಿಗೆ ತಳ್ಳಬಾರದು, ಅಲ್ವಾ?

ಮಾವನವರು ಹೇಳುವ ಸೂಜಿಯ ಪರೀಕ್ಷೆ ಸುಳ್ಳಲ್ಲ. ಅವರು ಎಲ್ಲೋ ಸರಿಯಾಗಿಯೇ ಕೇಳಿದ್ದಾರೆ. ಮಗುವಿನ ಶ್ವಾಸಕೋಶದ ದ್ರವ ಸುತ್ತಲಿನ ನೀರಿಗೆ ಬಂದು ಸೇರುತ್ತದೆ ಎಂದೆನಲ್ಲ, ಆ ನೀರಿನಲ್ಲಿ ಸರ್ಫ್ಯಾಕ್ಟೆಂಟಿನ ಅಂಶಗಳೂ ಇರುತ್ತವೆ. ಗ್ಲಕ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು 1971ರಲ್ಲಿ, ಆ ನೀರಿನಲ್ಲಿ ಲೆಸಿಥಿನ್ ಎಂಬುದು ಸ್ಫಿಂಗೊಮಯಲಿನ್ ಎಂಬುದರ ಎರಡು ಪಟ್ಟು ಇದ್ದರೆ ಶ್ವಾಸಕೋಶ ಬಲಿತಿದೆ ಎಂದು ತಿಳಿಯಬಹುದು ಎಂದರು. ಮರುವರ್ಷ ಇನ್ನೂ ಸುಲಭದ ಒಂದು ಪರೀಕ್ಷೆ ಬಂತು. ನೀರಿಗೆ ಆಲ್ಕೊಹಾಲ್ ಬೆರೆಸಿ ಕುಲುಕಿ, ಹದಿನೈದು ನಿಮಿಷ ಆದ ಮೇಲೂ ನೊರೆ ನಿಂತಿದ್ದರೆ ಬಲಿತಿದೆ ಎಂದು ಅರ್ಥ. ಆಮೇಲೆ ಯಂತ್ರದಲ್ಲಿ ಸರ್ಫ್ಯಾಕ್ಟೆಂಟಿನ ಕಣಗಳನ್ನು ಎಣಿಸುವ ಪರೀಕ್ಷೆಯೂ ಬಂತು. ಮೊದಲ ತಿಂಗಳುಗಳ ಸ್ಕ್ಯಾನ್ ಇಲ್ಲದ, ಬಸುರಿಗೆ ಎಷ್ಟು ವಾರ ಎಂದೇ ಗಟ್ಟಿಯಾಗಿ ಗೊತ್ತಾಗದ ಕಾಲದಲ್ಲಿ ಇವು ತುಂಬಾ ಉಪಕಾರ ಮಾಡಿದವು.

ಈಗ ಇವನ್ನು ಹೆಚ್ಚುಕಡಿಮೆ ಎಲ್ಲೂ ಮಾಡುವುದಿಲ್ಲ. ತಾಯಿಗೆ ಬಿಪಿ ವಿಪರೀತ ಏರಿ ಫಿಟ್ಸ್ ಬರುವ ಹಾಗಿದೆ, ಅಥವಾ ಡಾಪ್ಲರ್ ತೀರಾ ಕೆಟ್ಟಿದೆ ಎಂದುಕೊಳ್ಳಿ. ಆಗ ಶ್ವಾಸಕೋಶ ಬಲಿತಿಲ್ಲ ಎಂದು ಪರೀಕ್ಷೆ ಹೇಳಿದರೂ ನಾವು ಕಾಯಲು ಆಗುವುದಿಲ್ಲ, ಹೆರಿಗೆ ಮಾಡಿಸಲೇಬೇಕು. ಅಂಥ ಕಾರಣ ಏನೂ ಇಲ್ಲದಿದ್ದರೆ, ಬಲಿತಿದೆ ಎಂದು ಬಂದರೂ ಹೆರಿಗೆ ಮಾಡಿಸಬಾರದು. ಯಾಕೆಂದರೆ ಮಗು ಅಂದರೆ ಶ್ವಾಸಕೋಶ ಒಂದೇ ಅಲ್ಲ. ಮೆದುಳು, ಲಿವರ್, ಹಾಲು ಚೀಪಿ ನುಂಗುವ ಶಕ್ತಿ, ರಕ್ತದಲ್ಲಿ ಸಕ್ಕರೆ ನಿಲ್ಲಿಸಿಕೊಳ್ಳುವ ಶಕ್ತಿ, ಇವೆಲ್ಲ ಕೊನೆಯ ವಾರಗಳಲ್ಲೇ ಗಟ್ಟಿಯಾಗುವುದು. ಶ್ವಾಸಕೋಶ ಬಲಿತಿದೆ ಎಂದು ಪರೀಕ್ಷೆ ಮಾಡಿಯೇ ಬೇಗ ಹೆರಿಗೆ ಮಾಡಿಸಿದ ಮಕ್ಕಳಿಗೂ 39 ವಾರಕ್ಕೆ ಹುಟ್ಟಿದ ಮಕ್ಕಳಿಗಿಂತ ಹೆಚ್ಚು ತೊಂದರೆ ಆಗಿದೆ. ಹೊಟ್ಟೆಗೆ ಸೂಜಿ ಹಾಕುವುದರಲ್ಲೂ ನೀರು ಒಡೆಯುವ, ನೋವು ಶುರುವಾಗುವ ಅಪಾಯ ಇದ್ದೇ ಇದೆ. ಪರೀಕ್ಷೆಯ ಉತ್ತರದಿಂದ ನಮ್ಮ ನಿರ್ಧಾರವೇ ಬದಲಾಗುವುದಿಲ್ಲ ಎಂದಮೇಲೆ ಆ ಸೂಜಿ ಯಾಕೆ?

ರಿಪೋರ್ಟಿನಲ್ಲಿರುವ ಗ್ರೇಡ್ 3 ಬಗ್ಗೆಯೂ ಇದೇ ಮಾತು. ಅದು ಮಾಸಿನಲ್ಲಿ ಸುಣ್ಣದ ಅಂಶ ಎಷ್ಟು ಕಾಣುತ್ತದೆ ಎಂಬುದರ ಗುರುತು. 1979ರಲ್ಲಿ ಈ ಗ್ರೇಡುಗಳು ಬಂದಾಗ, ಗ್ರೇಡ್ 3 ಎಂದರೆ ಶ್ವಾಸಕೋಶ ಬಲಿತ ಹಾಗೆ ಎಂದು ಅಂದುಕೊಂಡಿದ್ದರು. ಆಮೇಲೆ ಅದು ನಂಬುವಂಥದ್ದಲ್ಲ ಎಂದು ಗೊತ್ತಾಯಿತು. ಮಾಸು ಬಲಿತಿದೆ, ಇನ್ನು ಮಗು ತೆಗೆಯಬಹುದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಿಮ್ಮ ತಂಗಿಗೆ ನಿಜವಾದ ವಾರ ಕಡಿಮೆ ಇರುವುದರಿಂದ ಗ್ರೇಡ್ 3 ಸ್ವಲ್ಪ ಬೇಗ ಬಂದಿದೆ. ಅದಕ್ಕೆ ಮಾಡಬೇಕಾದ್ದು ಇಷ್ಟೇ. ಪ್ರತಿ ವಾರ ಬಿಪಿ ನೋಡಿಸಿ. ಎರಡು ವಾರ ಬಿಟ್ಟು ಮಗುವಿನ ಬೆಳವಣಿಗೆ ಮತ್ತು ಡಾಪ್ಲರ್ ಇನ್ನೊಮ್ಮೆ ನೋಡಿಸಿ. ನೀರಿನ ಅಳತೆ ಬೇಕಾದರೆ ಒಂದು ವಾರಕ್ಕೇ ನೋಡಬಹುದು. ದಿನಾ ಸ್ಕ್ಯಾನ್ ಮಾಡಿಸುವುದರಿಂದ ಗಾಬರಿ ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ನೀರು ಕಡಿಮೆಯಾದರೆ ಶ್ವಾಸಕೋಶ ಕೆಡುತ್ತದಂತೆ ಎಂದೂ ಜನ ಹೇಳುತ್ತಾರೆ. ಅದು ನಿಜ, ಆದರೆ ಬೇರೆ ಸಂದರ್ಭದಲ್ಲಿ. ನಾಲ್ಕು, ಐದು, ಆರನೇ ತಿಂಗಳಲ್ಲಿ ನೀರು ತೀರಾ ಇಲ್ಲದೆ ವಾರಗಟ್ಟಲೆ ಹಾಗೇ ಉಳಿದರೆ ಶ್ವಾಸಕೋಶ ಬೆಳೆಯುವುದೇ ಇಲ್ಲ. ಆ ಹೊತ್ತಿನಲ್ಲಿ ಅದು ಹಿಗ್ಗಿ ದೊಡ್ಡದಾಗಲು ಒಳಗೂ ಹೊರಗೂ ದ್ರವ ಬೇಕು. ಮಗುವಿಗೆ ಕಿಡ್ನಿಯೇ ಇಲ್ಲದಿದ್ದಾಗ, ಅಥವಾ ಐದನೇ ತಿಂಗಳಲ್ಲೇ ನೀರು ಒಡೆದುಹೋದಾಗ ಹೀಗಾಗುತ್ತದೆ. ನಿಮ್ಮ ತಂಗಿಯ ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ನೀರು, ಎರಡೂ ಕಿಡ್ನಿ ಸರಿಯಾಗಿವೆ. ಆ ಹಂತ ದಾಟಿಯಾಗಿದೆ. ಎಂಟನೇ ತಿಂಗಳಲ್ಲಿ ನೀರು ಸ್ವಲ್ಪ ಇಳಿದರೆ ಶ್ವಾಸಕೋಶಕ್ಕೆ ಏನೂ ಆಗುವುದಿಲ್ಲ.

ಇನ್ನು ಇಂಜೆಕ್ಷನ್. ಮಗುವಿನ ಶ್ವಾಸಕೋಶ ಬೇಗ ಬಲಿಯಲಿ ಎಂದು ತಾಯಿಗೆ ಕೊಡುವ ಸ್ಟೀರಾಯ್ಡ್ ಇದು. ಇದರ ಕಥೆ ನನಗೆ ತುಂಬಾ ಇಷ್ಟ. ನ್ಯೂಜಿಲೆಂಡಿನ ಲಿಗಿನ್ಸ್ ಎಂಬ ವೈದ್ಯರು ಹೆರಿಗೆ ನೋವು ಹೇಗೆ ಶುರುವಾಗುತ್ತದೆ ಎಂದು ಕುರಿಗಳಲ್ಲಿ ನೋಡುತ್ತಿದ್ದರು. ಸ್ಟೀರಾಯ್ಡ್ ಕೊಟ್ಟ ಮೇಲೆ ತೀರಾ ಮುಂಚೆ ಹುಟ್ಟಿದ ಮರಿಗಳು ಸತ್ತೇ ಹೋಗಬೇಕಿತ್ತು, ಆದರೆ ಉಸಿರಾಡುತ್ತಿದ್ದವು. ಅದರ ಮೇಲೆ ಮಕ್ಕಳ ವೈದ್ಯ ಹೋವಿ ಅವರ ಜೊತೆ ಸೇರಿ ತಾಯಂದಿರಿಗೆ ಕೊಟ್ಟು ನೋಡಿದರು. 1972ರಲ್ಲಿ ಫಲಿತಾಂಶ ಪ್ರಕಟವಾಯಿತು. ಈಗ ನಮ್ಮಲ್ಲಿ ಡೆಕ್ಸಾಮೆಥಸೋನ್ 6 ಮಿಲಿಗ್ರಾಂ, ಹನ್ನೆರಡು ಗಂಟೆಗೆ ಒಂದರಂತೆ ನಾಲ್ಕು ಸಲ ಕೊಡುತ್ತಾರೆ. ಇಲ್ಲವಾದರೆ ಬೀಟಾಮೆಥಸೋನ್ 12 ಮಿಲಿಗ್ರಾಂ, ಒಂದು ದಿನದ ಅಂತರದಲ್ಲಿ ಎರಡು ಸಲ. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ದೊಡ್ಡ ಅಧ್ಯಯನದ ಫಲಿತಾಂಶ 2020ರಲ್ಲಿ ಬಂತು. 34 ವಾರಕ್ಕೆ ಮುಂಚೆ ಹೆರಿಗೆಯಾಗುವ ಅಪಾಯ ಇದ್ದ ತಾಯಂದಿರಲ್ಲಿ, ಇಂಜೆಕ್ಷನ್ ಸಿಗದವರ ಮಕ್ಕಳಲ್ಲಿ ನೂರಕ್ಕೆ 23.5 ಮಕ್ಕಳು ತೀರಿಕೊಂಡಿದ್ದರೆ, ಸಿಕ್ಕವರಲ್ಲಿ 19.6. ಅಷ್ಟು ಅಗ್ಗದ ಒಂದು ಔಷಧಿಗೆ ಇದು ದೊಡ್ಡ ಮಾತು.

ಆದರೆ ಅದು ಒಂದು ವಾರದೊಳಗೆ ಹೆರಿಗೆ ಆಗುವ ಸಾಧ್ಯತೆ ನಿಜವಾಗಿ ಇದ್ದವರಿಗೆ ಮಾತ್ರ. ಎಂಟನೇ ತಿಂಗಳಲ್ಲಿ ಎಲ್ಲರಿಗೂ ಹಾಕಿಬಿಡುವ ಟಾನಿಕ್ ಅಲ್ಲ. ಇದರ ಪೂರ್ಣ ಲಾಭ ಇರುವುದು ಸುಮಾರು ಒಂದು ವಾರ. ಈಗ ಸುಮ್ನೆ ಹಾಕಿಸಿಕೊಂಡು ಹೆರಿಗೆ ಐದು ವಾರದ ಮೇಲೆ ಆದರೆ ಉಪಯೋಗ ಇಲ್ಲ. ಮತ್ತೆ ಮತ್ತೆ ಕೊಟ್ಟರೆ ಮಗುವಿನ ತೂಕ ಕಡಿಮೆಯಾಗುತ್ತದೆ. ತಾಯಿಯ ಶುಗರ್ ಕೆಲವು ದಿನ ಏರುತ್ತದೆ. 34 ವಾರ ದಾಟಿದ ಮೇಲೆ ಕೊಡಬಹುದಾ ಎಂದು ಅಮೆರಿಕದಲ್ಲಿ ನೋಡಿದ್ದಾರೆ. 2016ರ ಆ ಅಧ್ಯಯನದಲ್ಲಿ ಉಸಿರಾಟದ ತೊಂದರೆ ನೂರಕ್ಕೆ 14.4ರಿಂದ 11.6ಕ್ಕೆ ಇಳಿಯಿತು. ಆದರೆ ಹುಟ್ಟಿದ ಮಗುವಿನ ರಕ್ತದಲ್ಲಿ ಸಕ್ಕರೆ ಇಳಿದುಹೋಗುವುದು 15ರಿಂದ 24ಕ್ಕೆ ಏರಿತು. ನಿಮ್ಮ ತಂಗಿಗೆ ಈಗ ಬೇಡ. ನೀರು ಒಡೆದರೆ, ನೋವು ಶುರುವಾದರೆ, ಬಿಪಿ ಏರಿದರೆ ಆಸ್ಪತ್ರೆಯವರು ವಾರ ನೋಡಿ ತೀರ್ಮಾನ ಮಾಡುತ್ತಾರೆ. ಆಗಲೂ ತಿದ್ದಿದ ತಾರೀಕು ಕೈಯಲ್ಲಿರಬೇಕು. 34ಕ್ಕೆ ಕೆಳಗಾ ಮೇಲಾ ಎಂಬುದರ ಮೇಲೆ ಅವರ ತೀರ್ಮಾನ ನಿಂತಿರುತ್ತದೆ.

ಅಜ್ಜಿಯವರಿಗೆ ಹೇಳಿ, ಏಳಕ್ಕೆ ಹುಟ್ಟಿದ್ದು ಉಳಿದು ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬುದು ನಿಜ ಅಲ್ಲ. ಹೊಟ್ಟೆಯೊಳಗೆ ಕಳೆದ ಪ್ರತಿ ವಾರವೂ ಮಗುವಿಗೆ ಲಾಭ. ಎಂಟರ ಮಗು ಏಳರ ಮಗುವಿಗಿಂತ ಗಟ್ಟಿ. ಒಂಬತ್ತು ತುಂಬಿದ್ದು ಅದಕ್ಕಿಂತ ಗಟ್ಟಿ.

ಮಾವನವರ ನಕ್ಷತ್ರದ ಆಸೆಯನ್ನು ನಾನು ತಳ್ಳಿಹಾಕುವುದಿಲ್ಲ. ಮೊಮ್ಮಗುವಿಗೆ ಒಳ್ಳೆಯದಾಗಲಿ ಎಂದೇ ಅವರು ಕೇಳುತ್ತಿರುವುದು. ಆದರೆ ನೋವು ಬರುವುದಕ್ಕೆ ಮುಂಚೆ ಮಾಡುವ ಸಿಸೇರಿಯನ್‌ನಲ್ಲಿ ಒಂದು ತೊಡಕಿದೆ. ಹೆರಿಗೆ ನೋವು ಶುರುವಾದಾಗ ಮಗುವಿನ ಮೈಯಲ್ಲಿ ಬದಲಾವಣೆಗಳಾಗಿ, ಶ್ವಾಸಕೋಶದೊಳಗಿನ ದ್ರವ ಹೀರಿಹೋಗಲು ಶುರುವಾಗುತ್ತದೆ. ನೋವೇ ಇಲ್ಲದೆ ತೆಗೆದರೆ ಆ ದ್ರವ ಒಳಗೇ ಉಳಿದು ಮಗು ಏದುಸಿರು ಬಿಡುತ್ತದೆ. ಮೊದಲು ಸಿಸೇರಿಯನ್ ಆಗಿದ್ದು ಮತ್ತೆ ದಿನ ಗೊತ್ತುಮಾಡಿ ಸಿಸೇರಿಯನ್ ಮಾಡಿಸಿಕೊಂಡ 13,000ಕ್ಕೂ ಹೆಚ್ಚು ತಾಯಂದಿರನ್ನು ಗಮನಿಸಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಉಸಿರಾಟ, ಸೋಂಕು, ಸಕ್ಕರೆ ಇಳಿಯುವುದು, ಐಸಿಯು ಸೇರುವುದು, ಎಲ್ಲ ಸೇರಿ ನೋಡಿದರೆ 37 ವಾರಕ್ಕೆ ತೆಗೆದ ಮಕ್ಕಳಲ್ಲಿ ನೂರಕ್ಕೆ 15.3, 38 ವಾರಕ್ಕೆ 11, 39 ವಾರಕ್ಕೆ 8 ಮಕ್ಕಳಿಗೆ ತೊಂದರೆಯಾಗಿತ್ತು. ಇವರೆಲ್ಲ ನಾವು ದಿನ ತುಂಬಿದೆ ಎನ್ನುವ ಮಕ್ಕಳೇ. ಮಾವನವರು ಹೇಳುತ್ತಿರುವುದು 34 ವಾರ 5 ದಿನ. ನಿಮ್ಮ ತಂಗಿಗೆ ಈಗ ಸಿಸೇರಿಯನ್‌ಗೆ ಯಾವ ಕಾರಣವೂ ಕಾಣುತ್ತಿಲ್ಲ. ಮುಂದೆ ಏನಾದರೂ ಕಾರಣ ಬಂದು, ಕಾಯುವ ಅವಕಾಶವೂ ಇದ್ದರೆ, 39 ವಾರ ದಾಟಿದ ಮೇಲಿನ ದಿನಗಳಲ್ಲಿ ಅವರಿಗೆ ಬೇಕಾದ ದಿನ ನೋಡಲಿ. ಡಾಕ್ಟರಿಗೂ ಅಭ್ಯಂತರ ಇರಲಾರದು.

ನೀರು ನಿಜವಾಗಿ ಇಳಿದು, ಆಳದ ಅಳತೆ 2 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೂ, ಮಗು ಉಳಿದೆಲ್ಲ ಚೆನ್ನಾಗಿದ್ದರೆ 36ರಿಂದ 38 ವಾರದ ನಡುವೆ ಹೆರಿಗೆ ಮಾಡಿಸುತ್ತಾರೆ. ಅಲ್ಲಿಯವರೆಗೆ ವಾರಕ್ಕೆ ಒಂದೆರಡು ಸಲ ಮಗುವಿನ ಎದೆಬಡಿತದ ಎನ್.ಎಸ್.ಟಿ. ಪರೀಕ್ಷೆ ಮಾಡುತ್ತಾ ನೋಡಿಕೊಳ್ಳುತ್ತಾರೆ. ಮಗು ಸಣ್ಣಗಿದ್ದರೆ, ಡಾಪ್ಲರ್ ಕೆಟ್ಟಿದ್ದರೆ, ತಾಯಿಗೆ ಬಿಪಿ ಇದ್ದರೆ ಲೆಕ್ಕ ಬೇರೆ. ಆಗ ಬೇಗ ಮಾಡಿಸಬೇಕಾಗಬಹುದು, ಮಾಡಿಸಲೇಬೇಕು.

ಮನೆಯಲ್ಲಿ ನೀವು ನೋಡಿಕೊಳ್ಳಬೇಕಾದ್ದು ಮಗುವಿನ ಒದೆತ. ಊಟ ಆದ ಮೇಲೆ ತಂಗಿ ಎಡ ಮಗ್ಗುಲಿಗೆ ಮಲಗಿ, ಮೊಬೈಲ್ ಪಕ್ಕಕ್ಕಿಟ್ಟು ಎಣಿಸಲಿ. ಎರಡು ಗಂಟೆಯಲ್ಲಿ ಹತ್ತು ಸಲ ಆಡಿದರೆ ಸಾಕು. ಚೆನ್ನಾಗಿರುವ ಮಗು ಎಷ್ಟೋ ಸಲ ಅರ್ಧ ಗಂಟೆಯಲ್ಲೇ ಹತ್ತು ಮುಗಿಸುತ್ತದೆ. ಎಣಿಕೆ ಬರದಿದ್ದರೆ, ಅಥವಾ ಮಗು ಯಾಕೋ ಎಂದಿನ ಹಾಗೆ ಇಲ್ಲ ಎಂದು ತಂಗಿಗೇ ಅನಿಸಿದರೆ, ರಾತ್ರಿ ಎಷ್ಟೇ ಹೊತ್ತಾಗಿರಲಿ ಹೊರಡಿ. ಬೆಳಗಾಗಲಿ ಎಂದು ಕಾಯಬೇಡಿ. ರಕ್ತ ಹೋದರೆ, ನೀರು ಸೋರಿದರೆ, ತಲೆ ಸಿಡಿಯುವ ಹಾಗೆ ನೋವು, ಕಣ್ಣು ಮಂಜು, ಮುಖ ಊದುವುದು ಕಂಡರೂ ಅಷ್ಟೇ. 108ಕ್ಕೆ ಫೋನ್ ಮಾಡಿ. ನಿಮ್ಮ ಆಶಾ ಕಾರ್ಯಕರ್ತೆಯ ನಂಬರ್ ಮನೆಯ ಎಲ್ಲರ ಫೋನಿನಲ್ಲೂ ಇರಲಿ.

37 ವಾರಕ್ಕೆ ಮುಂಚೆ ನೋವು ಬಂದರೆ, ನವಜಾತ ಶಿಶುಗಳ ಐಸಿಯು ಇರುವ ಕಡೆಗೇ ಹೋಗಿ. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ ಇವೆ. ಪಾಂಡವಪುರದಿಂದ ಎರಡೂ ದೂರವಲ್ಲ. ಮಗು ಹುಟ್ಟಿದ ಮೇಲೆ ಅದನ್ನು ಆಂಬುಲೆನ್ಸಿನಲ್ಲಿ ಸಾಗಿಸುವುದಕ್ಕಿಂತ ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ಕರೆದುಕೊಂಡು ಹೋಗುವುದು ಮಗುವಿಗೆ ಎಷ್ಟೋ ಒಳ್ಳೆಯದು. ಯಾವ ಆಸ್ಪತ್ರೆ, ಯಾವ ಗಾಡಿ, ಜೊತೆಗೆ ಯಾರು ಎಂದು ಈಗಲೇ ಮಾತಾಡಿಕೊಳ್ಳಿ. ತಾಯಿ ಕಾರ್ಡ್ ಮತ್ತು ಆ ಮೂರನೇ ತಿಂಗಳ ಸ್ಕ್ಯಾನ್ ರಿಪೋರ್ಟನ್ನು ಒಂದೇ ಕವರಿನಲ್ಲಿ ಹಾಕಿಡಿ. ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅದಕ್ಕೆ ಮುಂಚೆ ನಿಮ್ಮ ಡಾಕ್ಟರ್ ಸಿಗದಿದ್ದರೆ ಅವತ್ತೇ ಹೋಗಿ ತಾರೀಕು ತಿದ್ದಿಸಿಕೊಂಡು ಬನ್ನಿ. ಎರಡು ವಾರದ ಮೇಲೆ ಆಗುವ ಸ್ಕ್ಯಾನ್ ರಿಪೋರ್ಟನ್ನೂ ಕಳಿಸಿ, ತೂಕ ಎಷ್ಟು ಏರಿದೆ ನೋಡಿ ಹೇಳುತ್ತೇನೆ.